ನಾಯಿಯ ಪರವಾಗಿ ಸಂಶಯಪಟ್ಟವರು

ಗುಜರಾತಿನಲ್ಲಿ ಯಾರಾದರೂ ತೀರಿಕೊಂಡರೆ ಬೇಸಣು ಎಂದು ಇಡುತ್ತಾರೆ. ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಹೋದವರ ಫೋಟೋಕ್ಕೆ ಹಾರ ಹಾಕಿ, ಬಂದವರು ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೈಮುಗಿದು ಹೋಗುವ ಪದ್ಧತಿ. ಕಾಕಾನ ಬೇಸಣಿಗೆ ನಾನೂ ಬಿಳಿ ಸೀರೆ ಉಟ್ಟುಕೊಂಡು ಹೋದೆ. ಫೋಟೋ ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಹಳೆಯ ಕಂಪನಿಯ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದಿರಬೇಕು. ಎಡ ಹುಬ್ಬು ಮೇಲಕ್ಕೆ, ತುಟಿ ಬಿಗಿ. ನೀವು ಯಾಕ ಬಂದ್ರಿ, ಯಾರು ಹೇಳಿ ಕಳಿಸಿದ್ರು ಎಂದು ಕೇಳುವ ಅದೇ ಮುಖ. ಹೂವು ಹಾಕಿದೆ. ಹಾಕಿದ ಮೇಲೂ, ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿದೆ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ, ನನ್ನ ಹೆಸರು ನಿಮಗ್ಯಾಕ ಬೇಕಾಗಿತ್ತು ಎಂದು ಎಲ್ಲಿದ್ದರೂ ಬಂದು ಕೇಳಿಯಾರು. ಬೀದಿಪಾಲಾದ ನಾಯಿ ಬೆಕ್ಕುಗಳ ಶೆಲ್ಟರ್‌ನಲ್ಲಿ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಗುಜರಾತಿನಲ್ಲಿ ನರೆತ ಕೂದಲಿನ ಗಂಡಸರೆಲ್ಲ ಕಾಕಾಗಳೇ. ಊರು ಧಾರವಾಡದ ಕಡೆ. ಒಂದು ದೊಡ್ಡ ಸರಕಾರಿ ಕಂಪನಿಯ ವಿಜಿಲೆನ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅಂದರೆ, ಯಾರು ಎಲ್ಲಿ ಮೋಸ ಮಾಡುತ್ತಿದ್ದಾರೆ ಎಂದು ಮೂಸಿ ನೋಡುವುದೇ ಅವರ ಜೀವಮಾನದ ಕೆಲಸ. ಕೆಲಸ ಮುಗಿಯಿತು, ಮೂಗು ಹಾಗೇ ಉಳಿಯಿತು. ಅದನ್ನು ತೆಗೆದುಕೊಂಡು ಅವರು ವಡೋದರಾದ ಗೋರ್ವಾದಾಚೆ ಕಾಲುವೆಯ ಪಕ್ಕದ ಶೆಲ್ಟರ್‌ಗೆ ಬಂದರು. ಅಲ್ಲಿ ಸಾಕಲು ನಾಯಿ ಬೆಕ್ಕು ಕೇಳಿಕೊಂಡು ಬರುವವರ ವಿಚಾರಣೆ ಅವರ ಪಾಲಿಗೆ ಬಿತ್ತು.

ನಾನು ಕುಂದಾಪುರದವಳು. ಮದುವೆಯಾಗಿ ವಡೋದರಾಕ್ಕೆ ಬಂದಾಗಿನಿಂದ ಗೋರ್ವಾದ ನಮ್ಮ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವಳು. ಗಲ್ಲಾದಲ್ಲಿ ಕೂತವರಿಗೆ ಎದುರಿನವರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಎರಡು ದೋಸೆ ತಿಂದು ಒಂದೇ ಅನ್ನುವವರನ್ನು, ಚಟ್ನಿಯಲ್ಲಿ ಕೂದಲಿದೆ ಎಂದು ತಾವೇ ಹಾಕಿ ತೋರಿಸುವವರನ್ನು ಎಷ್ಟು ಕಂಡಿಲ್ಲ! ಹಾಗಾಗಿ ಸಂಶಯ ನನಗೇನೂ ಹೊಸದಲ್ಲ. ಆದರೆ ನನ್ನ ಸಾಂಬಾರಿನ ಮೇಲೆ ಸಂಶಯಪಟ್ಟವರು ಅವರೊಬ್ಬರೇ.

ಹೋಟೆಲಿಗೆ ವಾರದ ರಜೆ ಇದ್ದ ದಿನ, ಶೆಲ್ಟರ್‌ಗೆ ಏನಾದರೂ ಕೈಲಾದ ಸಹಾಯ ಮಾಡೋಣವೆಂದು ಮೊದಲ ಸಲ ಹೋಗಿದ್ದೆ. ಬರಿಗೈಯಲ್ಲಿ ಹೋಗುವುದುಂಟೇ? ದೊಡ್ಡ ಪಾತ್ರೆಯಲ್ಲಿ ಅನ್ನಕ್ಕೆ ಸಾಂಬಾರು ಕಲಸಿ, ಮೇಲೆ ಒಂದು ಚಮಚ ತುಪ್ಪವನ್ನೂ ಹಾಕಿಕೊಂಡು ಹೋದೆ. ಈ ಮನುಷ್ಯ ಮುಚ್ಚಳ ತೆಗೆದರು, ಬಗ್ಗಿ ಮೂಸಿದರು, ಎಡ ಹುಬ್ಬು ಮೇಲೆ ಹೋಯಿತು.

"ಉಳ್ಳಾಗಡ್ಡಿ ಅದ ಇದರಾಗ. ಉಳ್ಳಾಗಡ್ಡಿ ನಾಯಿಗೆ ವಿಷ. ನಿಮಗಿದು ಗೊತ್ತಿಲ್ಲೋ, ಗೊತ್ತಿದ್ದೂ ತಂದೀರೋ?"

ಗೊತ್ತಿದ್ದೂ ತಂದೀರೋ ಅಂತೆ! ವಿಷ ಹಾಕಲು ತುಪ್ಪ ಬೇರೆ ಹಾಕಿಕೊಂಡು ಬರುತ್ತಾರಾ ಯಾರಾದರೂ? ಕನ್ನಡದವರು ಸಿಕ್ಕಿದರಲ್ಲ ಎಂದು ಅರೆಗಳಿಗೆ ಆಗಿದ್ದ ಸಂತೋಷವೆಲ್ಲ ಇಳಿದುಹೋಯಿತು. ಮುಂದಿನ ವಾರ ಹಟಕ್ಕೆ ಬಿದ್ದು ಬರೀ ಅನ್ನ ಮೊಸರು ತೆಗೆದುಕೊಂಡು ಹೋದೆ. ಆಗ, ಮೊದಲು ನೀವೊಂದು ತುತ್ತು ತಿಂದು ತೋರಿಸಿ ಎಂದರು. ಅವರೆದುರೇ ನಿಂತು ತಿಂದೆ. ಸಿಟ್ಟಿನಲ್ಲಿ ಎರಡು ತುತ್ತು ಹೆಚ್ಚೇ ತಿಂದೆ.

ನಾಯಿ ಕೇಳಿಕೊಂಡು ಬಂದವರ ಪಾಡಂತೂ ಹೇಳತೀರದು. ಬಂದವರು ಎದುರಿಗೆ ಎಷ್ಟು ಮಾತಾಡಿದರೂ ಕಾಕಾ ಅದನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಹೇಳದೆ ಕೇಳದೆ ಒಂದು ದಿನ ಆ ಮನೆಯಿರುವ ವಸತಿ ಸೊಸೈಟಿಗೆ ಸ್ಕೂಟರಿನಲ್ಲಿ ಹೋಗುವರು. ಬಾಡಿಗೆಗೆ ಮನೆ ನೋಡುತ್ತಿದ್ದೇನೆ ಎಂದು ವಾಚ್‌ಮನ್ ಹತ್ತಿರ ಕೂತು, ಆ ಮನೆಯವರು ಎಂಥವರು, ಕೆಲಸದವಳ ಜೊತೆ ಹೇಗೆ ಮಾತಾಡುತ್ತಾರೆ, ಯಾವಾಗ ಊರಿಗೆ ಹೋಗುತ್ತಾರೆ ಎಂದೆಲ್ಲ ತೆಗೆಯುವರು. ಒಂದು ಬೆಕ್ಕಿನ ಮರಿಗಾಗಿ ಅಹಮದಾಬಾದಿನ ಮಣಿನಗರದ ತನಕ ರೈಲಿನಲ್ಲಿ ಹೋಗಿ ಬಂದಿದ್ದರು. ಮರಿ ಕೊಟ್ಟ ಮೇಲೂ ಬಿಡುತ್ತಿರಲಿಲ್ಲ. ತಿಂಗಳುಗಟ್ಟಲೆ ಕಳೆದು, ಮನೆಯವರು ಮರೆತೇಬಿಟ್ಟ ಹೊತ್ತಿಗೆ ಬಾಗಿಲು ತಟ್ಟುವರು. ಒಳಗೆ ಕೂತ ಕೂಡಲೇ ಕುಡಿಯಲು ನೀರು ಕೇಳುವರು. ನೀರು ಎಲ್ಲಿಂದ ಬಂತು, ಫಿಲ್ಟರಿನಿಂದಲೋ ನಲ್ಲಿಯಿಂದಲೋ ಎಂದು ಕಣ್ಣಿನಲ್ಲೇ ಹಿಂಬಾಲಿಸುವರು. ಲೋಟ ಕೈಗೆ ಬಂದ ಮೇಲೆ ಕುಡಿಯುತ್ತಿರಲಿಲ್ಲ. ನಾಯಿಯ ಬಟ್ಟಲನ್ನು ಹುಡುಕಿ, ಅದರಲ್ಲಿರುವ ನೀರನ್ನೂ ಲೋಟದ ನೀರನ್ನೂ ನೋಡುವರು. ಎರಡೂ ಒಂದೇ ಆಗಿದ್ದರೆ ಮಾತ್ರ ಕುಡಿಯುವರು. ಬಟ್ಟಲು ಒಣಗಿದ್ದರೆ ಮುಗಿಯಿತು, ನಾಯಿ ಅವರ ಜೊತೆ ವಾಪಸು.

ಬೆಕ್ಕುಗಳ ಮೇಲೆ ಮಾತ್ರ ಅವರಿಗೆ ಎಲ್ಲಿಲ್ಲದ ಗೌರವ. ಶೆಲ್ಟರ್‌ನಲ್ಲಿ ಒಂದು ಒಕ್ಕಣ್ಣಿನ ಬೂದು ಬೆಕ್ಕಿತ್ತು. ಅದು ಯಾರ ಹತ್ತಿರವೂ ಬಾರದು; ದೂರ ಕೂತು, ಇದ್ದ ಒಂದು ಕಣ್ಣಿನಲ್ಲೇ ಎಲ್ಲರನ್ನೂ ತೂಗುತ್ತಿತ್ತು. ಕಾಕಾ ಅದರ ಎದುರು ಕುರ್ಚಿ ಹಾಕಿಕೊಂಡು ಚಹಾ ಕುಡಿಯುವರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರೆ ಸಹೋದ್ಯೋಗಿಗಳ ಹಾಗೆ ಕಾಣುತ್ತಿತ್ತು. ನೀವು ಇಷ್ಟೊಂದು ಅನುಮಾನ ಪಟ್ಟರೆ ಇಲ್ಲಿಗೆ ಯಾರು ಬರುತ್ತಾರೆ ಮಾರಾಯ್ರೆ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಬೆಕ್ಕಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

"ಬೆಕ್ಕು ತನ್ನ ಎನ್‌ಕ್ವೈರಿ ತಾನ ಮಾಡಿಕೊಳ್ಳತದ. ನಾಯಿ ಹಂಗಲ್ಲ. ಹೊಡದವರ ಕೈನೂ ನೆಕ್ಕತದ. ಅದರ ಪರವಾಗಿ ಯಾರರೆ ಒಬ್ಬರು ಸಂಶೆ ಪಡಬೇಕಲ್ರೀ ಬಾಯಾರ."

ಆ ಮಾತು ನನಗೆ ಹಿಡಿಸಿತು. ಆದರೆ ಮನುಷ್ಯ ಹಿಡಿಸಲಿಲ್ಲ. ಒಳ್ಳೊಳ್ಳೆಯ ಮನೆಗಳನ್ನೂ ಬೇಡ ಬೇಡ ಅನ್ನುತ್ತಿದ್ದಾರಲ್ಲ, ಇದರ ಹಿಂದೆ ಬೇರೇನಾದರೂ ಇದೆಯೇ ಎಂದು ನಾನು ಅವರ ಮೇಲೆ ಕಣ್ಣಿಟ್ಟೆ. ಮುಖ್ಯವಾಗಿ ಕಾಳಿಯೋನ ವಿಷಯದಲ್ಲಿ.

ಕಾಳಿಯೋ ಅಂದರೆ ಕರಿಯ. ಮೂಗಿನಿಂದ ಬಾಲದ ತನಕ ಒಂದು ಬಿಳಿ ಕೂದಲೂ ಇಲ್ಲದ ನಾಯಿ. ಅಂಥ ನಾಯಿಗೆ ಈ ಊರುಗಳಲ್ಲಿ ಬಹಳ ಬೇಡಿಕೆ, ಅದೂ ಶನಿಯ ಕಾಟ ಇದ್ದವರಿಂದ. ಸಾಡೇಸಾತಿಗೆ ಇಲ್ಲಿ ಪನೋತಿ ಅನ್ನುತ್ತಾರೆ. ಪನೋತಿ ನಡೆಯುತ್ತಿದ್ದರೆ ಕರಿ ನಾಯಿಗೆ ಶನಿವಾರ ಎಣ್ಣೆ ಸವರಿದ ರೊಟ್ಟಿ ಹಾಕಿ ಎಂದು ಜ್ಯೋತಿಷಿಗಳು ಹೇಳುತ್ತಾರೆ. ಬೀದಿಯಲ್ಲಿ ಹುಡುಕುವ ಬದಲು ಮನೆಯಲ್ಲೇ ಒಂದಿರಲಿ ಎಂದು ಕೆಲವರು ಶೆಲ್ಟರ್‌ಗೆ ಬರುತ್ತಾರೆ. ಕಾಳಿಯೋನನ್ನು ಹಾಗೇ ಸೂರತ್ತಿನ ವಜ್ರದ ವ್ಯಾಪಾರಿಯ ಮನೆಯವರು ಒಯ್ದಿದ್ದರು. ಚೆನ್ನಾಗಿಯೇ ನೋಡಿಕೊಂಡರು. ಪನೋತಿ ಮುಗಿಯಿತು. ಒಂದು ಬೆಳಿಗ್ಗೆ ಕಾರಿನಲ್ಲಿ ಕರೆತಂದು, ಹಣೆಗೆ ಕುಂಕುಮ ಇಟ್ಟು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಶೆಲ್ಟರ್‌ನ ಗೇಟಿಗೆ ಕಟ್ಟಿ, ಪಕ್ಕದಲ್ಲೊಂದು ಪೇಡೆಯ ಡಬ್ಬಿ ಇಟ್ಟು, ಕೈಮುಗಿದು ಹೋದರು. ಅವರ ಮನಸ್ಸಿನಲ್ಲಿ ಅದು ಅನ್ಯಾಯವೇ ಅಲ್ಲ. ದೇವರ ಕೆಲಸ ಮುಗಿಯಿತು, ದೇವರನ್ನು ಮರ್ಯಾದೆಯಿಂದ ಕಳಿಸಿಕೊಟ್ಟರು.

ಆ ಮನೆಯನ್ನು ಪಾಸ್ ಮಾಡಿದವರು ಕಾಕಾ. ಸೂರತ್ತಿಗೆ ಹೋಗಿ, ಫಿಲ್ಟರ್ ನೀರು ನೋಡಿ, ಜಾಲರಿ ಹಾಕಿದ ಬಾಲ್ಕನಿ ನೋಡಿ, ಹಗಲೆಲ್ಲ ಮನೆಯಲ್ಲಿರುವ ಅಜ್ಜಿಯನ್ನು ಮಾತಾಡಿಸಿ, ಎಲ್ಲ ಸರಿಯಿದೆ ಎಂದು ಬಂದಿದ್ದರು. ಜಾತಕ ಕೇಳಬೇಕೆಂದು ಧಾರವಾಡದವರಿಗೆ ಹೇಗೆ ಹೊಳೆಯಬೇಕು? ಆಮೇಲೆ ಕರಿ ನಾಯಿ ಕೇಳಿಕೊಂಡು ಯಾರೇ ಬಂದರೂ ಬಹಳ ಸಲುಗೆಯಿಂದ, ಪನೋತಿ ಎಂದಿಗೆ ಮುಗಿಯುತ್ತದೆ ಎಂದು ಕೇಳುತ್ತಿದ್ದರು. ಬಂದವರು ಪಾಪ, ತಿಂಗಳು ತಿಥಿಯ ಸಮೇತ ಹೇಳಿಬಿಡುತ್ತಿದ್ದರು. ಕಾಕಾ ಎದ್ದು ಗೇಟು ತೋರಿಸುತ್ತಿದ್ದರು.

ಕಾಳಿಯೋ ಮಾತ್ರ ಆ ಗೇಟು ಬಿಡಲಿಲ್ಲ. ದಿನವಿಡೀ ಅಲ್ಲೇ ಕೂತಿರುತ್ತಿತ್ತು. ಕಾರು ನಿಂತ ಸದ್ದಾದರೆ ಎದ್ದು ನಿಂತು ಬಾಲ ಅಲ್ಲಾಡಿಸುವುದು, ಇಳಿದವರು ಬೇರೆಯವರೆಂದು ಗೊತ್ತಾದ ಮೇಲೆ ನಿಧಾನ ಕೂರುವುದು. ಒಂದು ದಿನ ನಾನು ಗೇಟಿನ ಪಕ್ಕ ಕೂತು ಬೆಕ್ಕಿನ ಬುಟ್ಟಿ ತೊಳೆಯುತ್ತಿದ್ದಾಗ ಅದು ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಹೊರಗೆ ಕಾರು ನಿಂತಿತು. ಈ ಸಲ ಅದು ಏಳಲಿಲ್ಲ. ಅಷ್ಟೇ, ಇದು ನನ್ನ ನಾಯಿ ಎಂದು ನನಗೆ ಗೊತ್ತಾಯಿತು.

ಕೇಳಿದೆ. ಕಾಕಾ ಬೇಡ ಅಂದರು. ಕಾರಣ ಹೇಳಲಿಲ್ಲ. ನನಗೆ ಯಾವ ಶನಿಯೂ ಇಲ್ಲ ಎಂದು ಜಾತಕ ತರಿಸಲೂ ತಯಾರಾದೆ, ನೋಡೂಣು ಅಂದರು. ನೋಡೂಣು ಅಂದರೆ ಅವರ ಭಾಷೆಯಲ್ಲಿ ಇಲ್ಲ ಎಂದೇ ಅರ್ಥ. ಮುದುಕ ಈ ನಾಯಿಯನ್ನು ತನಗಾಗಿಯೇ ಇಟ್ಟುಕೊಂಡಿದ್ದಾನೆ, ಅದಕ್ಕೇ ಬೇರೆ ಯಾರಿಗೂ ಕೊಡುತ್ತಿಲ್ಲ ಎಂದು ನನಗೆ ಖಾತ್ರಿಯಾಯಿತು. ಅವರು ಕಾಳಿಯೋನ ಜೊತೆ ಒಬ್ಬರೇ ಇರುವಾಗ ಅದರ ಕಿವಿಯ ಹಿಂದೆ ಕೆರೆಯುತ್ತ ಏನೋ ಗೊಣಗುವುದನ್ನು ನಾನು ಕಂಡಿದ್ದೆ. ನನ್ನನ್ನು ಕಂಡ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡಿದ್ದರು.

ಈ ನಡುವೆ ನಮ್ಮ ಸೊಸೈಟಿಯ ವಾಚ್‌ಮನ್ ಒಂದು ಸುದ್ದಿ ಹೇಳಿದ. ಯಾರೋ ಬಂದು ನಮ್ಮ ಮನೆಯ ಬಗ್ಗೆ ಕೇಳುತ್ತಿದ್ದಾರೆ. ಗಂಡ ಹೆಂಡತಿ ಎಷ್ಟು ಹೊತ್ತಿಗೆ ಹೊರಡುತ್ತಾರೆ, ಎಷ್ಟು ಹೊತ್ತು ಬೀಗ ಹಾಕಿರುತ್ತದೆ, ಎಲ್ಲ ವಿಚಾರಿಸಿದರು ಎಂದ. ಹೋಟೆಲಿನವರ ಮನೆ ಹಗಲು ಖಾಲಿ ಎಂದು ಊರಿಗೆಲ್ಲ ಗೊತ್ತು. ಅವತ್ತೇ ಬೀಗ ಬದಲಾಯಿಸಿದೆ. ಗಂಡನಿಗೆ ಹೇಳಿದರೆ, ನಿನಗೆ ಎಲ್ಲರೂ ಕಳ್ಳರೇ ಎಂದು ನಕ್ಕರು. ನಾನು ಬಿಡುತ್ತೇನೆಯೇ? ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದ ಕೂಡಲೇ ಯಾರಿಗೂ ಹೇಳದೆ ಮನೆಗೆ ಬಂದು ಮೆಟ್ಟಿಲ ಮೂಲೆಯಲ್ಲಿ ನಿಂತೆ. ಕಳ್ಳ ಮೇಲಿನ ಮನೆಯಾಕೆ ಪಟೇಲ್ ಬೆನ್ ಹತ್ತಿರ ಮಾತಾಡಿ ಇಳಿದು ಬರುತ್ತಿದ್ದ. ಹೆಗಲಿಗೆ ಖಾದಿ ಚೀಲ, ಎಡ ಹುಬ್ಬು ಮೇಲೆ.

ನನ್ನ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ನಾನೇನು ಸೂರತ್ತಿನ ವ್ಯಾಪಾರಿಯೇ, ನನ್ನ ಬೆನ್ನ ಹಿಂದೆ ವಿಚಾರಿಸಲು ನಿಮಗೆ ನಾಚಿಕೆಯಾಗುವುದಿಲ್ಲವೇ, ಇಷ್ಟು ದಿನ ನಿಮ್ಮೆದುರು ಹೇಲು ಬಾಚಿದ್ದು ನಿಮಗೆ ಸಾಲಲಿಲ್ಲವೇ ಎಂದೆ. ಅವರು ಕೈಕಟ್ಟಿ ನಿಂತು ಪೂರ್ತಿ ಕೇಳಿದರು. ಆಮೇಲೆ, ನಿಮ್ಮ ಮೇಲೆ ಯಾರೂ ಕೆಟ್ಟದ್ದು ಹೇಳಲಿಲ್ಲ, ಆದರೆ ಬೆಳಗಿನಿಂದ ರಾತ್ರಿ ತನಕ ಮನೆಗೆ ಬೀಗ, ಗಲ್ಲಾ ನೀವು ಬಿಡುವವರಲ್ಲ, ನಾಯಿ ಈ ಬಾಗಿಲ ಒಳಗಡೆ ಕೂತು ಕಾಯಬೇಕು, ಅಷ್ಟೇ ವ್ಯತ್ಯಾಸ ಅಂದರು. ಮಾತು ನಿಜವಾಗಿತ್ತು. ನಿಜವಾಗಿದ್ದದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

"ಹಾಗಾರೆ ನೀವೇ ಕರ್ಕೊಂಡು ಹೋಗಿ. ದಿನ ಇಡೀ ಮನೇಲೇ ಇರ್ತೀರಲ್ಲ. ಯಾರು ಬೇಡ ಅಂದದ್ದು?"

ಅವರು ಒಂದು ಮೆಟ್ಟಿಲು ಇಳಿದು ನಿಂತರು.

"ನನ್ನ ಮನೀಗೂ ಹೋಗಿ ಬಂದೀನ್ರೀ ಬಾಯಾರ. ಪಾಸ್ ಆಗಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಎದೆಯ ಮೇಲೆ ಬೆರಳಿಟ್ಟು ತೋರಿಸಿದರು.

"ಡಾಕ್ಟರ್ ಇಲ್ಲೆ ನಳಿಗಿ ಇಟ್ಟು, ಮಾರಿ ಸಣ್ಣದು ಮಾಡ್ಯಾನ. ಕಾಳಿಯೋಗ ಇನ್ನೂ ಭಾಳ ಆಯುಷ್ಯ ಅದ. ಒಮ್ಮೆ ಗೇಟಿನ ಮುಂದ ಕೂತು ಕಾದದ ಅದು. ಎರಡನೇ ಸಲ ಕಾಯೂದು ಬ್ಯಾಡ."

ಚೀಲ ಸರಿಮಾಡಿಕೊಂಡು ಇಳಿದು ಹೋದರು. ನೀರನ್ನೂ ಕೇಳಲಿಲ್ಲ. ನಾನು ಮೆಟ್ಟಿಲ ಮೇಲೇ ಕೂತೆ. ಇಷ್ಟು ದಿನ ಈ ಮನುಷ್ಯ ಎಲ್ಲರನ್ನೂ ನಂಬುವುದಿಲ್ಲ, ತನ್ನನ್ನು ಮಾತ್ರ ನಂಬುತ್ತಾರೆ ಎಂದುಕೊಂಡಿದ್ದೆ. ತನ್ನ ಮನೆಗೂ ಹೊರಗಿನವರ ಹಾಗೆ ಹೋಗಿ, ತನ್ನ ಕೈಯಿಂದಲೇ ನೀರು ಕೇಳಿ, ಇಲ್ಲ ಎಂದು ಬರೆದುಕೊಂಡು ಬಂದವರು ಇವರು. ಅವತ್ತು ಅವರ ಬಗ್ಗೆ ನನಗೆ ಮೊದಲ ಸಲ ದುಃಖವಾಯಿತು.

ದುಃಖವಾಯಿತು ಎಂದು ಹಟ ಹೋಗುತ್ತದೆಯೇ? ಗಲ್ಲಾ ಬಿಡುವವರಲ್ಲ ಅಂದರಲ್ಲ, ಬಿಟ್ಟು ತೋರಿಸುತ್ತೇನೆ ಎಂದು ಹೊರಟೆ. ಮೈದುನನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದೆ. ಊಟದ ಹೊತ್ತು ಮುಗಿದರೆ ನಾನು ಮನೆಗೆ, ಗಲ್ಲಾ ಅವಳಿಗೆ. ಹೇಳಿದಷ್ಟು ಸುಲಭವಲ್ಲ ಅದು. ಆ ಕುರ್ಚಿಯಲ್ಲಿ ಕೂತರೆ ನಾನು ಹೋಟೆಲಿನ ಯಜಮಾನತಿ. ಮಧ್ಯಾಹ್ನ ಖಾಲಿ ಮನೆಯಲ್ಲಿ ಕೂತರೆ ನಾನು ಯಾರು? ಮೊದಮೊದಲು ಗೋಡೆ ನೋಡುತ್ತ ಕೂತು ಅಳುವುದೊಂದು ಬಾಕಿ. ಕಾಕಾಗೆ ಸುದ್ದಿ ಮುಟ್ಟಿಸಿದೆ. ನೋಡೂಣು ಅಂದರು.

ಹಾಗೆ ನೋಡುತ್ತಿರುವಾಗಲೇ ಅವರು ಆಸ್ಪತ್ರೆ ಸೇರಿದರು. ಶೆಲ್ಟರ್ ನಡೆಸುವ ಅಕ್ಕ, ಬಂದವರನ್ನು ವಿಚಾರಿಸುವ ಕೆಲಸವನ್ನು ನನಗೆ ಕೊಟ್ಟರು. ಇಷ್ಟು ಸಂಶಯ ಇನ್ಯಾರಿಗೂ ಇಲ್ಲ ಎಂದು ಬೇರೆ ಹೇಳಿದರು. ಈಗ ಕಾಳಿಯೋನನ್ನು ಒಯ್ಯಲು ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಆದರೂ ಒಯ್ಯಲಿಲ್ಲ. ಕಾಕಾ ಪಾಸ್ ಅನ್ನದೆ ಒಯ್ದರೆ, ಬೀಗ ಒಡೆದು ಒಯ್ದ ಹಾಗೆ ಆಗುತ್ತದೆ ಅನಿಸಿತು. ಅವರು ವಾಪಸು ಬರಲಿ, ಎದುರು ನಿಂತು ಕೇಳುತ್ತೇನೆ ಎಂದುಕೊಂಡೆ. ಅವರು ಬರಲಿಲ್ಲ.

ಬೇಸಣಿನಲ್ಲಿ ಫೋಟೋದ ಪಕ್ಕ ಅವರ ಮಗಳು ಕೂತಿದ್ದಳು. ಒಬ್ಬಳೇ ಮಗಳು, ಸೂರತ್ತಿನಲ್ಲಿರುವವಳು. ಗುಜರಾತಿನಲ್ಲೇ ಬೆಳೆದದ್ದರಿಂದ ಕನ್ನಡ ತಡವರಿಸುತ್ತದೆ, ಹುಬ್ಬು ಮಾತ್ರ ಅಪ್ಪನದೇ. ನಾನು ಕೈಮುಗಿದು ಏಳುವಾಗ ನನ್ನ ಸೆರಗು ಹಿಡಿದು ಕೂರಿಸಿದಳು. ಆಂಟಿ, ಅಪ್ಪನ ಕಾಳಿಯೋ ನನಗೆ ಬೇಕು, ಸೂರತ್‌ಗೆ ಒಯ್ತೀನಿ ಅಂದಳು. ಕಣ್ಣು ಕೆಂಪಗೆ ಊದಿತ್ತು.

ಏನು ಹೇಳಲಿ? ಅಪ್ಪನನ್ನು ಕಳೆದುಕೊಂಡವಳು, ಅಪ್ಪನ ಫೋಟೋದ ಮುಂದೆ ಕೂತು ಕೇಳುತ್ತಿದ್ದಾಳೆ. ಸುತ್ತ ಕೂತವರು, ಪಾಪ, ಕೊಡಿ ಕೊಡಿ ಎಂದು ತಲೆಯಾಡಿಸಿದರು. ಆಗಲಿ ಮಗಾ, ತಗೊಂಡು ಹೋಗು ಎಂದು ಹೇಳಲು ಬಾಯಿ ತೆರೆದವಳು ಫೋಟೋ ಕಡೆ ನೋಡಿದೆ. ಬಾಯಿಂದ ಬಂದದ್ದು ಬೇರೆ. ಮನೆ ಎಷ್ಟನೇ ಮಾಳಿಗೆ, ಬಾಲ್ಕನಿಗೆ ಜಾಲರಿ ಇದೆಯಾ ಎಂದು ಕೇಳಿದೆ. ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದೆ. ಪಕ್ಕದ ಹೆಂಗಸು ನನ್ನನ್ನು ರಾಕ್ಷಸಿಯನ್ನು ನೋಡುವಂತೆ ನೋಡಿದರು. ನಾನು ನಿಲ್ಲಿಸಲಿಲ್ಲ. ಮನೆಯಲ್ಲಿ ಯಾರಿಗಾದರೂ ಶನಿಯ ಕಾಟ ಇದೆಯಾ, ಯಾವ ಜ್ಯೋತಿಷಿಯಾದರೂ ಏನಾದರೂ ಹೇಳಿದ್ದಾನಾ ಎಂದೂ ಕೇಳಿಬಿಟ್ಟೆ.

ಹುಡುಗಿ ಮುಖ ಮುಚ್ಚಿಕೊಂಡಳು. ಅಳಿಸಿಬಿಟ್ಟೆನಲ್ಲ ಪಾಪಿ ಎಂದುಕೊಂಡೆ. ಕೈ ತೆಗೆದಾಗ ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಆಂಟಿ, ಅಪ್ಪ ಆಸ್ಪತ್ರೇಲಿ ಹೇಳಿದ್ರು. ನಾನು ಹೋದ ಮೇಲೆ ಹೋಟೆಲ್ ಬಾಯಾರ ಹತ್ರ ಕಾಳಿಯೋ ಕೇಳು. ರೋತಾ ರೋತಾ, ಅಳ್ತಾ ಅಳ್ತಾ ಕೇಳು. ಪಾಪ ಅಂತ ಕೊಟ್ಟುಬಿಟ್ರೆ, ಫೇಲ್. ಅಂಥವರು ಯಾರ ಕಣ್ಣೀರು ಕಂಡ್ರೂ ನಾಯಿ ಕೊಟ್ಟುಬಿಡ್ತಾರೆ ಅಂತ. ಪ್ರಶ್ನೆ ಕೇಳಿದ್ರೆ..."

ಮೂಗು ಒರೆಸಿಕೊಂಡು, ಅಪ್ಪ ಅಂದ ಹಾಗೆಯೇ ಅಂದಳು:

"'ಆ ಮನಿ ಪಾಸ್.'"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ತ ಮೇಲೂ ಇನ್‌ಸ್ಪೆಕ್ಷನ್ ಬಿಡಲಿಲ್ಲವಲ್ಲ ಈ ಮುದುಕ! ಮಗಳ ಕಣ್ಣೀರನ್ನೂ ಬಿಡಲಿಲ್ಲ, ತನ್ನ ಬೇಸಣನ್ನೂ ಬಿಡಲಿಲ್ಲ. ಬೈಯಬೇಕೆಂದರೆ ಎದುರಿಗೆ ಇಲ್ಲ. ಅಲ್ಲಿಯೇ ಆ ಬಿಳಿ ಬಟ್ಟೆಯ ಮೇಲೆ ಕೂತು, ಊರವರೆಲ್ಲ ನೋಡುತ್ತಿರುವಂತೆ, ನಾನು ಗೊಳೋ ಎಂದು ಅತ್ತೆ.

ಕಾಳಿಯೋ ಈಗ ನಮ್ಮ ಮನೆಯಲ್ಲಿದೆ. ಮೊದಮೊದಲು ಬಾಗಿಲ ಹತ್ತಿರವೇ ಕೂರುತ್ತಿತ್ತು, ಈಗ ಸೋಫಾದ ಕೆಳಗೆ ಮಲಗುತ್ತದೆ. ಮೇಲಿನ ಮನೆಯ ಪಟೇಲ್ ಬೆನ್ ಒಂದು ಶನಿವಾರ ಎಣ್ಣೆ ಸವರಿದ ರೊಟ್ಟಿ ಹಿಡಿದುಕೊಂಡು ಬಂದರು. ಅವರ ಜಾತಕ ಪೂರ್ತಿ ಕೇಳಿ ವಾಪಸು ಕಳಿಸಿದೆ. ಮಧ್ಯಾಹ್ನ ನಾವಿಬ್ಬರೇ ಇರುತ್ತೇವೆ. ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿದರೆ ಕಾಳಿಯೋ ತಲೆ ಎತ್ತಿ ಬಾಲ ಬಡಿಯುತ್ತದೆ. ಕೊರಿಯರಿನವನಿರಬಹುದು, ಇನ್ಯಾರೋ ಇರಬಹುದು. ಅದಕ್ಕೆ ಎಲ್ಲರ ಮೇಲೂ ನಂಬಿಕೆ. ನಾನು ಮಾತ್ರ ಬಾಗಿಲಿಗೆ ಹೋಗುವ ಮೊದಲು ಅಡುಗೆಮನೆಗೆ ಹೋಗಿ, ಅದರ ಬಟ್ಟಲಿನ ನೀರು ಚೆಲ್ಲಿ ಫಿಲ್ಟರಿನಿಂದ ಹೊಸ ನೀರು ತುಂಬಿಸಿ ಬರುತ್ತೇನೆ.